ಬಾಸಿಂಗದ ದಾರ ಮತ್ತು ನನ್ನ ಕಿವಿ

ಮೊನ್ನೆ ಮಗಳು ಕನ್ನಡಿಯ ಮುಂದೆ ನಿಂತು ತಲೆಗೆ ಹೇರ್‌ಸ್ಪ್ರೇ ಹೊಡೆದುಕೊಂಡಳು. ಅದರ ಘಾಟು ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದ ನನಗೆ ಕುಶಾಲನಗರದ ಆ ಪುಟ್ಟ ಬ್ಯೂಟಿಪಾರ್ಲರು, ಅದರ ಚೇಚಿ ನೆನಪಾದರು...

ಮಾಕುಟ್ಟದ ಗಡಿಯಾಚೆಯಿಂದ ಬಂದು ಪಾರ್ಲರು ಇಟ್ಟಿದ್ದ ಅವರನ್ನು ಊರೆಲ್ಲ ಚೇಚಿ, ಅಂದರೆ ಮಲಯಾಳದಲ್ಲಿ ಅಕ್ಕ, ಎಂದೇ ಕರೆಯುತ್ತಿತ್ತು. ನನ್ನ ಕಿವಿಗಳು ಮೊರದಂತೆ ಹೊರಗೆ ಚಾಚಿಕೊಂಡಿವೆ. ಸ್ಕೂಲಿನಲ್ಲಿ ನನಗೆ ‘ದುಬಾರೆ’ ಎಂದು ಹೆಸರಿಟ್ಟಿದ್ದರು. ಆನೆ ಕ್ಯಾಂಪು ಹತ್ತಿರವೇ ಇದ್ದದ್ದು ನನ್ನ ಕರ್ಮ. ಚೇಚಿ ಮಾತ್ರ ಬಾಯಿ ಬಿಡದೆ, ನಾನು ಕೇಳದೆಯೇ, ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಪಿನ್ನು ಸಿಕ್ಕಿಸುತ್ತಿದ್ದರು.

ಹೆಣ್ಣು ನೋಡಲು ಬಂದಾಗಲೂ ಆ ಪಿನ್ನುಗಳೇ ನನ್ನ ಮಾನ ಉಳಿಸಿದವು. ಕಿವಿಯನ್ನು ಹಿಂದಕ್ಕೆ ಹೊಲಿದು ಕೂರಿಸಬಹುದು ಎಂದು ಮೈಸೂರಿನ ಡಾಕ್ಟರೊಬ್ಬರು ಹೇಳಿದ್ದರು. ಆದರೆ ಮದುವೆ ಹತ್ತಿರ ಬಂದಿತ್ತು, ಗಾಯ ಮಾಯಲು ಪುರಸೊತ್ತಿರಲಿಲ್ಲ. ಆಮೇಲೆ ಮಾಡಿಸೋಣ ಎಂದು ಅಪ್ಪ ಮಾತು ಕೊಟ್ಟರು. ಅಲ್ಲಿಯವರೆಗೆ ಗಂಡಿನವರ ಕಣ್ಣಿಗೆ ಬೀಳದಿದ್ದರೆ ಸಾಕಿತ್ತು. ಬಿದ್ದರೆ ಮಂಟಪದಿಂದಲೇ ಎದ್ದು ಹೋಗುತ್ತಾರೆ ಎಂದು ನಂಬಿದ್ದೆ. ಈಗ ನಗು ಬರುತ್ತದೆ. ಆಗ ಊಟ ಸೇರುತ್ತಿರಲಿಲ್ಲ.

ಮದುವೆಯ ದಿನ ಚೇಚಿ ಎರಡೂ ಕಿವಿ ಮುಚ್ಚುವಂತೆ ಕೂದಲು ಕೂರಿಸಿ, ಸ್ಪ್ರೇ ಹೊಡೆದು ಗಟ್ಟಿ ಮಾಡಿದರು. ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮ ಜನ ಮದುಮಗಳ ಹಣೆಗೆ ಬಾಸಿಂಗ ಕಟ್ಟುತ್ತಾರೆಂದು ಪಾಪ ಚೇಚಿಗೆ ಗೊತ್ತಿರಲಿಲ್ಲ. ಭಯದಲ್ಲಿ ನನಗೂ ಹೊಳೆಯಲಿಲ್ಲ. ಸೋದರತ್ತೆ ಎಷ್ಟು ಬಿಗಿದರೂ ದಾರ ಆ ಕೂದಲ ಮೇಲೆ ಜಾರಿ ಬಾಸಿಂಗ ಮೂಗಿಗೇ ಬಂತು.

“ಇದೆಂಥ ಕೂದ್ಲವ್ವ, ನಿಲ್ತಾನೇ ಇಲ್ಲ,” ಎನ್ನುತ್ತ ಗಂಡಿನ ತಾಯಿ ಮುಂದೆ ಬಂದರು. ಪಿನ್ನು ಕಿತ್ತು, ಕೂದಲನ್ನು ಹಿಂದಕ್ಕೆ ತಳ್ಳಿ, ದಾರವನ್ನು ಕಿವಿಗೆ ಆನಿಸಿ ಕಟ್ಟಿದರು. ಅಷ್ಟು ದೊಡ್ಡ ಆಸರೆ ಸಿಕ್ಕ ಮೇಲೆ ಇನ್ನೆಲ್ಲಿ ಜಾರೀತು. ಕಂಬದ ಪಕ್ಕ ಚೇಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಯಾರೂ ಎದ್ದು ಹೋಗಲಿಲ್ಲ. ಪುರೋಹಿತರು ಗಟ್ಟಿಮೇಳ ಎಂದರು.

ಊಟದ ಹೊತ್ತಿಗೆ ಚೇಚಿ ಬಂದು ಕೈ ಹಿಡಿದುಕೊಂಡರು. “ಮೋಳೇ, ಮಗಳೇ, ನಾನು ಹೆದ್ರಿ ಸತ್ತೆ. ಒಬ್ರೂ ನೋಡಿಲ್ಲ ಅಲ್ಲಾ...”

ನನಗೆ ನಂಬಿಕೆ ಬರಲಿಲ್ಲ. ಗಂಡನ ಮನೆಗೆ ಹೋದ ಮೇಲೆ ಒಂದು ಬೆಳಿಗ್ಗೆ ಧೈರ್ಯ ಮಾಡಿ, ಕಿವಿಗೆ ಆಪರೇಷನ್ ಮಾಡಿಸಬೇಕು ಎಂದು ಯಜಮಾನರಿಗೆ ಹೇಳಿದೆ. ಅವರು ಗಾಬರಿಯಾಗಿ ಕಾಫಿ ಲೋಟ ಕೆಳಗಿಟ್ಟರು.

“ಯಾಕೆ, ಕಿವಿ ಕೇಳ್ಸಲ್ವಾ ನಿಂಗೆ?”

ಅಬ್ಬಾ, ಎದೆಯ ಮೇಲಿನ ಭಾರ ಇಳಿದೇ ಹೋಯಿತು. ನಾನು ಬಿದ್ದು ಬಿದ್ದು ನಕ್ಕದ್ದು ನೋಡಿ ಅವರಿಗೆ ಇನ್ನಷ್ಟು ಗಾಬರಿ. ಮೈಸೂರಿನ ಡಾಕ್ಟರ ಹತ್ತಿರ ಮತ್ತೆ ಹೋಗಲೇ ಇಲ್ಲ.

ಇದನ್ನು ಚೇಚಿಗೆ ಹೇಳಿ ನಗಿಸಬೇಕೆಂದು ತವರಿಗೆ ಬಂದಾಗ ಪಾರ್ಲರಿಗೆ ಬೀಗ ಬಿದ್ದಿತ್ತು. ಹುಷಾರಿಲ್ಲವೆಂದು ಊರಿಗೆ ಹೋದವರು ಅಲ್ಲಿಯೇ ತೀರಿಕೊಂಡರು ಎಂದು ಪಕ್ಕದ ಅಂಗಡಿಯವರು ಹೇಳಿದರು...

ಮಗಳಿಗೂ ನನ್ನದೇ ಕಿವಿ. ಮೊನ್ನೆ ಅವಳು ಕೂದಲನ್ನೆಲ್ಲ ಮೇಲಕ್ಕೆತ್ತಿ ಗಂಟು ಹಾಕಿ, ಸ್ಪ್ರೇ ಹೊಡೆದು, ಎರಡೂ ಕಿವಿ ಬಿಟ್ಟುಕೊಂಡು ಬಸ್ಸಿಗೆ ಓಡಿದಳು. ನಾನು ಬಾಗಿಲಲ್ಲಿ ನೋಡುತ್ತ ನಿಂತೆ. ಚೇಚಿ ಇದ್ದಿದ್ದರೆ ಪಿನ್ನು ಹಿಡಿದುಕೊಂಡು ಹಿಂದೆಯೇ ಓಡುತ್ತಿದ್ದರೇನೋ...