ತೊಲೆಗೂ ಸ್ಲ್ಯಾಬಿಗೂ ನಡುವಿನ ಗೆರೆ

ಮೊನ್ನೆ ಅವಲಪಲ್ಲಿಯ ನಮ್ಮ ಮನೆಯೆದುರಿನ ಗ್ರಿಲ್ ಅಂಗಡಿಯಲ್ಲಿ ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದರು. ವೆಲ್ಡಿಂಗ್ ಕಡ್ಡಿ ಸುಟ್ಟ ವಾಸನೆ ಅಡುಗೆಮನೆಯವರೆಗೂ ಬಂತು. ಒಲೆ ಆರಿಸಿ ಕಿಟಕಿಗೆ ಬಂದೆ. ಬೇರಿಕೆ ಕಡೆಯ ಆ ಮೇಸ್ತ್ರಿಯ ಅಂಗಿಯಲ್ಲಿ ಇದೇ ವಾಸನೆ ಇರುತ್ತಿತ್ತು... ಬೆಸುಗೆ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ.

ಆಗ ನಾನು ಹೊಸೂರಿನ ಎಂಜಿನಿಯರೊಬ್ಬರ ಕೈಕೆಳಗೆ ಕೆಲಸಕ್ಕಿದ್ದೆ. ಹಳೆಯ ಕಾರ್ಖಾನೆಯೊಂದು ಕೈ ಬದಲಾಗಿ, ಹೊಸ ಮಾಲೀಕರು ಮೇಲಂತಸ್ತಿನಲ್ಲಿ ಭಾರದ ಯಂತ್ರಗಳನ್ನು ಕೂರಿಸಬೇಕೆಂದಿದ್ದರು. ಕೆಳಗೆ ಹೆಂಗಸರು ಸಾಲಾಗಿ ಕೂತು ಬಿಡಿಭಾಗ ಜೋಡಿಸುತ್ತಿದ್ದರು. ಮೇಲಿನ ನೆಲ ಆ ಭಾರ ತಡೆಯುತ್ತದೆಯೇ ಎಂದು ನೋಡಿ ವರದಿ ಬರೆಯುವ ಕೆಲಸ ನನ್ನದು. ಉಕ್ಕಿನ ತೊಲೆಗಳ ಮೇಲೆ ಕಾಂಕ್ರೀಟ್ ಸ್ಲ್ಯಾಬ್. ತೊಲೆಯ ನೆತ್ತಿಗೆ ಕಬ್ಬಿಣದ ತುಂಡುಗಳನ್ನು ಬೆಸೆದು, ಅವು ಮುಳುಗುವಂತೆ ಕಾಂಕ್ರೀಟ್ ಸುರಿದಿದ್ದರೆ ಎರಡೂ ಒಂದೇ ಮೈಯಾಗಿ ಭಾರ ಹೊರುತ್ತವೆ. ಇಲ್ಲದಿದ್ದರೆ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಬಲ ಎಷ್ಟೋ ಕಡಿಮೆ. ನಕ್ಷೆಯಲ್ಲೇನೋ ತುಂಡುಗಳಿದ್ದವು. ಒಳಗಿದ್ದವೋ ಇಲ್ಲವೋ ಹೊರಗಿನಿಂದ ಕಾಣುವಂತಿರಲಿಲ್ಲ.

ಅಂದು ಬೆಸುಗೆ ಹಾಕಿದವರನ್ನು ಹುಡುಕಿಸಿದೆ. ಬಂದವರು ಈ ಮೇಸ್ತ್ರಿ. ವಯಸ್ಸಾಗಿತ್ತು, ಊರಲ್ಲಿ ಹೊಲ ನೋಡಿಕೊಂಡಿದ್ದರು. ದಕ್ಷಿಣದ ಗೋಡೆಯ ಬದಿಯ ಮೂರು ತೊಲೆಗಳ ಕೆಳಗೆ ಬಹಳ ಹೊತ್ತು ನಿಂತರು.

“ಈ ಮೂರಕ್ಕೆ ತುಂಡು ಹಾಕ್ನಿಲ್ಲ ಕಣಮ್ಮಾ,” ಎಂದರು. “ಕಾಂಕ್ರೀಟ್ ಗಾಡಿ ಬಂದ್ಬುಟ್ಟಿತ್ತು. ಸೂಪರ್‌ವೈಸರು ಮುಚ್ಚು ಮುಚ್ಚು ಅಂದ. ನಾನೂ ಹೂಂ ಅಂದ್ಬುಟ್ಟೆ.”

ಬಾಯಿಮಾತನ್ನು ವರದಿಯಲ್ಲಿ ಬರೆಯಲಾಗದು. ಭಾರ ಹಾಕಿಯೇ ನೋಡೋಣವೆಂದು ರಜೆಯ ದಿನ ಮೇಲೆ ಮರಳಿನ ಚೀಲ ಪೇರಿಸಿದೆವು. ನೆಲ ಕುಸಿದರೆ ತಡೆಯಲೆಂದು ಕೆಳಗೆ ಎರಡು ಬೆರಳು ಸಂದು ಬಿಟ್ಟು ಆಸರೆ ಕಂಬ ನಿಲ್ಲಿಸಿದ್ದೆವು. ಚೀಲ ಏರಿಸುವ ಮೊದಲು ಮೇಸ್ತ್ರಿ ಏಣಿ ಹತ್ತಿ, ಪ್ರತಿ ತೊಲೆಯ ತುದಿಯಲ್ಲೂ ಉಕ್ಕಿನಿಂದ ಕಾಂಕ್ರೀಟಿಗೆ ದಾಟುವಂತೆ ಸೀಮೆಸುಣ್ಣದ ನೇರ ಗೆರೆ ಎಳೆದಿದ್ದರು. ಭಾರ ಬಿದ್ದ ಮೇಲೆ ಉಳಿದೆಡೆ ಗೆರೆ ಹಾಗೇ ಇತ್ತು. ಆ ಮೂರರಲ್ಲಿ ಮಾತ್ರ ಗೆರೆ ಎರಡಾಗಿ, ಕಾಂಕ್ರೀಟಿನ ಮೇಲಿನ ಅರ್ಧ ಉಗುರಿನ ದಪ್ಪ ಸರಿದಿತ್ತು. ಮೇಸ್ತ್ರಿ ಏಣಿಯ ಮೇಲೇ ತಲೆ ತಗ್ಗಿಸಿ ಕೂತುಬಿಟ್ಟರು.

ನೋಡಿದ್ದನ್ನು ನೋಡಿದಂತೆ ಬರೆದೆ. ಎಂಜಿನಿಯರು ಓದಿ, ಆ ಮೂರು ತೊಲೆಗಳ ಮಾತು ತೆಗೆಯಲು ಹೇಳಿದರು. ನಾನು ಸಹಿ ಹಾಕಲಿಲ್ಲ. ಅವರೇ ಬೇರೆ ಬರೆದು ಸಹಿ ಹಾಕಿದರು. ನಾನು ಕೆಲಸವನ್ನೂ ಬಿಡಲಿಲ್ಲ... ನನ್ನ ಧೈರ್ಯ ಅಷ್ಟೇ. ಯಂತ್ರಗಳು ಮೇಲೇರಿದವು.

ಮೇಸ್ತ್ರಿ ನಮ್ಮ ಮನೆಗೇ ಬಂದರು. “ಸರ್ಕಾರ್ದೋರ್ಗೆ ಅರ್ಜಿ ಕೊಡೋಣ ಬಾರವ್ವಾ. ನನ್ ಮಾತು ಯಾರು ಕೇಳ್ತಾರೆ? ನೀನು ಓದ್ದೋಳು.”

ಸೋಮವಾರ ಬರುತ್ತೇನೆ ಎಂದೆ. ಹೋಗಲಿಲ್ಲ. ಅವರೊಬ್ಬರೇ ಕೊಟ್ಟ ಅರ್ಜಿ, ಆಧಾರದ ಕಾಗದವಿಲ್ಲದೆ, ಎಲ್ಲೂ ನಿಲ್ಲಲಿಲ್ಲ.

ಆಮೇಲೆ ಅವರು ಬೆಳಗಿನ ಶಿಫ್ಟಿನ ಹೊತ್ತಿಗೆ ಬೇರಿಕೆಯಿಂದ ಬಸ್ಸಿನಲ್ಲಿ ಬಂದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲತೊಡಗಿದರು. ದಕ್ಷಿಣದ ಗೋಡೆಯ ಹತ್ತಿರ ಕೂರಬೇಡಿ ಎಂದು ಬರುವ ಹೆಂಗಸರಿಗೆಲ್ಲ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳುತ್ತಿದ್ದರು. ಕೆಲವರು ನಗುತ್ತಿದ್ದರು. ಕಾವಲಿನವನು ರಟ್ಟೆ ಹಿಡಿದು ರಸ್ತೆಯಾಚೆ ಬಿಟ್ಟು ಬರುತ್ತಿದ್ದ. ಒಂದೆರಡು ಸಲ ದೂರದಿಂದ ಅವರನ್ನು ಕಂಡು ನಾನು ಸ್ಕೂಟಿ ತಿರುಗಿಸಿಕೊಂಡಿದ್ದೇನೆ. ಎರಡು ವರ್ಷ ಹಾಗೆ ನಿಂತು, ಒಂದು ಚಳಿಗಾಲ ಹಾಸಿಗೆ ಹಿಡಿದು ತೀರಿಕೊಂಡರಂತೆ. ನನಗೆ ತಿಳಿದದ್ದು ತಿಂಗಳ ಮೇಲೆ.

ನಿನ್ನೆ ಆ ಗೇಟಿಗೆ ಹೋಗಿದ್ದೆ. ಕಟ್ಟಡ ಇನ್ನೂ ನಿಂತಿದೆ, ಹೊಸ ಬಣ್ಣ ಬಳಿದಿದ್ದಾರೆ. ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳನ್ನು ಎಲ್ಲಿ ಕೂರುತ್ತೀ ಎಂದು ಕೇಳಿದೆ.

“ತೆಂಕ್ಲು ಗೋಡೆ ತಾವ ಅಕ್ಕಾ. ಯಾಕೆ?”

ಆ ದಕ್ಷಿಣದ ಬದಿ ಕೂರಬೇಡ, ಮೇಲಿನ ನೆಲ ಸರಿಯಿಲ್ಲ ಎಂದೆ. ಅವಳು ನಕ್ಕಳು.

“ಕೂರ್ಸಿದ್ ಕಡೆ ಕೂರ್ಬೇಕಲ್ಲಕ್ಕಾ. ಮುಂಚೆ ಒಬ್ಬ ತಾತನೂ ಹಿಂಗೇ ಅಂತಿದ್ನಂತೆ. ಪಾಪ, ತಲೆ ಸರಿ ಇರ್ನಿಲ್ವಂತೆ.”

ಅವರ ತಲೆ ಸರಿಯಾಗೇ ಇತ್ತು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಅವಳು ಓಡಿ ಹತ್ತಿಕೊಂಡಳು.