ಸ್ಕ್ಯಾನ್ ಕೋಣೆಯ ಅಜ್ಜಿ ಕೊಟ್ಟ ಪೊಟ್ಟಣ

ಬೆಳಿಗ್ಗೆ ಆರು ಗಂಟೆ. ಮಕ್ಕಳ ಆಸ್ಪತ್ರೆಯ ಸ್ಕ್ಯಾನ್ ಕೋಣೆಗೆ ಡಾಕ್ಟರ್ ಇನ್ನೂ ಬಂದಿಲ್ಲ. ಐವತ್ತೆಂಟು ದಾಟಿದ ಆಯಾ ಒಬ್ಬರೇ ಬಿಸಿನೀರಿನ ಟಬ್ಬಿನಲ್ಲಿ ಜೆಲ್ ಬಾಟಲಿಗಳನ್ನು ನಿಲ್ಲಿಸುತ್ತಿದ್ದಾರೆ. ಸ್ಕ್ಯಾನಿಗೆ ಮೊದಲು ಹೊಟ್ಟೆಗೆ ಹಚ್ಚುವ ಈ ಲೋಳೆ ತಣ್ಣಗಿದ್ದರೆ ಮಕ್ಕಳು ಬೆಚ್ಚಿಬೀಳುತ್ತಾರೆ. ಒಂದು ಹನಿಯನ್ನು ಮಣಿಕಟ್ಟಿಗೆ ಬಿಟ್ಟುಕೊಂಡು, ಉಗುರುಬೆಚ್ಚಗಾಗಿದೆ ಎಂದು ತಮಗೆ ತಾವೇ ತಲೆಯಾಡಿಸುತ್ತಾರೆ. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ನಮ್ಮ ಪತ್ರಿಕೆಯ ಛಾಯಾಗ್ರಾಹಕ ಕ್ಯಾಮೆರಾ ಎತ್ತಿದೊಡನೆ ಗೋಡೆಯತ್ತ ತಿರುಗಿಬಿಡುತ್ತಾರೆ.

"ನನ್ನ ಮುಖ ಯಾಕೆ? ಬಾಟಲಿದು ತಗೊಳ್ಳಿ."

ಹನ್ನೊಂದು ವರ್ಷದಿಂದ ಇದೇ ಕೋಣೆ. ದಿನಕ್ಕೆ ಹದಿನಾಲ್ಕು ಮಕ್ಕಳು, ಸೋಮವಾರವಾದರೆ ಇಪ್ಪತ್ತು. ರಾತ್ರಿಯಿಂದ ಏನೂ ತಿನ್ನದೆ ಬಂದವರ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಅವರನ್ನು ಮಂಚ ಹತ್ತಿಸಿ, ಮಾತಿಗೆಳೆದು, ಕೊನೆಗೆ ಹೊಟ್ಟೆ ಒರೆಸಿ ಅಂಗಿಯ ಗುಂಡಿ ಹಾಕುವುದು ಆಯಾ ಅವರ ಕೆಲಸ. ಮೊದಲೆಲ್ಲ ಬರುತ್ತಿದ್ದವರು ಹೊಟ್ಟೆನೋವಿನ ಮಕ್ಕಳು. ಈಗ ಅರ್ಧಕ್ಕರ್ಧ ತೂಕ ಹೆಚ್ಚಾದವರು. ಅವರ ಚೀಟಿಯಲ್ಲಿರುವುದು ಒಂದೇ ಪ್ರಶ್ನೆ: ಲಿವರಿನಲ್ಲಿ ಕೊಬ್ಬು ಸೇರಿದೆಯೇ?

"ಒಬ್ಬರು ಅಪ್ಪ ಜಗಳಕ್ಕೇ ನಿಂತ್ಬಿಟ್ರು. ನಮ್ಮ ವಂಶದಲ್ಲೇ ಯಾರೂ ಕುಡಿಯಲ್ಲ, ನನ್ನ ಮಗನ ಲಿವರ್ ಹೇಗ್ರೀ ಕೆಡತ್ತೆ ಅಂತ. ಅವರ ಬ್ಯಾಗಿಂದ ಮಾರುದ್ದ ಕೋಲಾ ಬಾಟಲಿ ಇಣುಕ್ತಿತ್ತು." ಆಯಾ ನಗಲು ಹೊರಟು ಅರ್ಧಕ್ಕೇ ನಿಲ್ಲಿಸುತ್ತಾರೆ. ನಗುವ ಹಕ್ಕು ತಮಗಿಲ್ಲ ಎನ್ನುತ್ತಾರೆ.

ಕಾರಣ ಆ ಕೋಣೆಯ ಒಂದು ರೂಢಿ. ಹಸಿದ ಮಗುವಿಗೆ ಸ್ಕ್ಯಾನ್ ಮುಗಿದ ಕೂಡಲೇ ಒಂದು ಜ್ಯೂಸ್ ಪೊಟ್ಟಣ. ಮೇಲೆ ಹಣ್ಣಿನ ಚಿತ್ರ, ಒಳಗೆ ಆರು ಚಮಚದಷ್ಟು ಸಕ್ಕರೆ. ಅಷ್ಟೂ ವರ್ಷ ಕೊಟ್ಟದ್ದು ಆಯಾ ಅವರ ಕೈಯೇ. ತಾರೀಖು ಮುಗಿಯಲು ಬಂದ ಪೊಟ್ಟಣಗಳನ್ನು ಸಿಬ್ಬಂದಿ ಮನೆಗೆ ಒಯ್ಯಬಹುದಿತ್ತು. ಆಯಾ ಒಯ್ದರು, ಮೊಮ್ಮಗಳಿಗೆ.

ಮೊಮ್ಮಗಳಿಗೆ ಒಂಬತ್ತು ವರ್ಷ. ಅಜ್ಜಿಯ ಬಾಯಲ್ಲಿ ಅವಳು ಬೆಣ್ಣೆಮುದ್ದೆ. ಸೊಸೆ ಚೀಲ ಹೊಲಿಯುವ ಕಾರ್ಖಾನೆಯಿಂದ ಬರುವುದು ಸಂಜೆ ಏಳಕ್ಕೆ. ಅಷ್ಟರೊಳಗೆ ದಿನಕ್ಕೆರಡು ಪೊಟ್ಟಣ ಖಾಲಿ. ಸೊಸೆ ಮನೆಗೆ ಸಿಹಿ ಪಾನೀಯ ತರುವವಳಲ್ಲ. ಹಾಗಾಗಿ ಅಮ್ಮನಿಗೆ ಹೇಳಬೇಡವೆಂದು ಅಜ್ಜಿ ಮೊಮ್ಮಗಳ ನಡುವೆ ಗುಟ್ಟು.

"ಆಸ್ಪತ್ರೆಯಿಂದ ಬಂದಿದ್ದು ಅಂದ್ರೆ ಒಳ್ಳೇದೇ ಇರತ್ತೆ ಅಂದ್ಕೊಂಡೆ. ಮೂರು ವರ್ಷ ಕೊಟ್ಟೆ."

ಹೋದ ವರ್ಷ ಮೊಮ್ಮಗಳ ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿ ಏರಿತ್ತು. ಅದೇ ಮಂಚ, ಅದೇ ಬೆಚ್ಚನೆ ಜೆಲ್. ಸರಿಯಿರುವ ಲಿವರ್ ಪರದೆಯ ಮೇಲೆ ಬೂದು ಬಣ್ಣ. ಕೊಬ್ಬು ತುಂಬಿದ್ದು ಬೆಳ್ಳಗೆ ಕಾಣುತ್ತದೆ. ಸಾವಿರಾರು ಪರದೆ ನೋಡಿದ ಆಯಾಗೆ ಡಾಕ್ಟರ್ ಹೇಳುವ ಮೊದಲೇ ಗೊತ್ತಾಯಿತು.

ಸಿಹಿ ಪಾನೀಯ ಕುಡಿಯುತ್ತಾಳಾ ಎಂದು ಡಾಕ್ಟರ್ ಕೇಳಿದರು. ಇಲ್ಲವೇ ಇಲ್ಲ ಎಂದಳು ಸೊಸೆ. ಆಯಾ ನೆಲ ನೋಡುತ್ತಾ ನಿಂತರು.

"ಮಗು ನನ್ನ ಮುಖ ನೋಡ್ತು, ಬಾಯಿ ಬಿಡ್ಲಿಲ್ಲ. ಅಜ್ಜಿಗೆ ಕೊಟ್ಟ ಮಾತಲ್ವಾ. ಅಷ್ಟು ಚಿಕ್ಕದು ನನ್ನ ಮಾನ ಕಾಪಾಡ್ತು. ನಾನು ಅದರ ಹಿಂದೆ ಬಚ್ಚಿಟ್ಕೊಂಡೆ."

ಬಚ್ಚಿಟ್ಟುಕೊಂಡದ್ದು ಹತ್ತೊಂಬತ್ತು ದಿನ. ಅಷ್ಟರಲ್ಲಿ ನೆಂಟರೆಲ್ಲ ಸೊಸೆಯನ್ನು ತರಾಟೆಗೆ ತೆಗೆದುಕೊಂಡಿದ್ದರು. ಕೆಲಸ ಕೆಲಸ ಎಂದು ಮಗಳಿಗೆ ಕಂಡದ್ದೆಲ್ಲ ತಿನ್ನಿಸಿದಳು ಎಂದರು. ಕೊನೆಗೆ ಒಂದು ಸಂಜೆ, ಬಟ್ಟೆ ಮಡಿಸುತ್ತಿದ್ದ ಸೊಸೆಯೆದುರು ಕೂತು ಆಯಾ ಎಲ್ಲವನ್ನೂ ಹೇಳಿದರು. ಅವಳು ಬೈಯಲಿಲ್ಲ. "ಅತ್ತೆ, ನಾನು ಏನು ಕೊಟ್ಟೆ, ಏನು ಕೊಟ್ಟೆ ಅಂತ ದಿನಾ ನೆನಪು ಮಾಡ್ಕೊಳ್ತಿದ್ದೆ" ಎಂದಷ್ಟೇ ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಆಯಾ.

ಪೊಟ್ಟಣವೊಂದೇ ಕಾರಣವಲ್ಲ ಎನ್ನುವುದು ಡಾಕ್ಟರ ಮಾತು. ಮಗುವಿನ ಅಪ್ಪನ ಕಡೆ ಸಕ್ಕರೆ ಕಾಯಿಲೆಯಿದೆ, ಶಾಲೆ ಬಿಟ್ಟರೆ ಮೊಬೈಲ್ ಹಿಡಿದು ಕೂರುವುದಿದೆ, ನಿದ್ದೆ ಸಾಲದು, ತೂಕ ಏರಿದೆ. ಅದರ ಮೇಲೆ ದಿನವೂ ಸುರಿದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ಕೂಡಿಟ್ಟಿದೆ. ತೂಕ ಇಳಿದರೆ ಲಿವರ್ ಸುಧಾರಿಸಬಲ್ಲದು ಎಂದೂ ಹೇಳಿದ್ದಾರೆ. ಆಯಾಗೆ ಇದರಿಂದ ಸಮಾಧಾನವಿಲ್ಲ. "ಬೇರೆದೆಲ್ಲ ನನ್ನ ಕೈಲಿರ್ಲಿಲ್ಲ. ಇದು ಇತ್ತು."

ಈಗ ಸ್ಕ್ಯಾನ್ ಮುಗಿದ ಮಗುವಿಗೆ ಸಿಗುವುದು ನೀರು ಮತ್ತು ಬೇಯಿಸಿದ ಮೊಟ್ಟೆ. ಡಾಕ್ಟರಿಗೆ ದುಂಬಾಲು ಬಿದ್ದು ರೂಢಿ ಬದಲಿಸಿದವರು ಆಯಾ. ಮಕ್ಕಳು ಮುಖ ಕಿವುಚುತ್ತಾರೆ, ತಿನ್ನುತ್ತಾರೆ. ಸಂಜೆ ಅಜ್ಜಿ ಮೊಮ್ಮಗಳು ಬೀದಿಯ ಕೊನೆಯ ನೀರಿನ ಟ್ಯಾಂಕಿನವರೆಗೆ ನಡೆಯುತ್ತಾರೆ. ಬೆಣ್ಣೆಮುದ್ದೆ ಎಂದು ಕರೆಯಲು ಅಜ್ಜಿಗೆ ಈಗ ನಾಲಿಗೆ ಏಳುವುದಿಲ್ಲ. ಮೊನ್ನೆಯ ಸ್ಕ್ಯಾನಿನಲ್ಲಿ ಅವಳ ಲಿವರ್ ಸ್ವಲ್ಪ ಬೂದಾಗಿತ್ತಂತೆ.

ನೆಂಟರು ಮಾತ್ರ ಇನ್ನೂ ಸೊಸೆಯನ್ನೇ ದೂರುತ್ತಾರೆ.

"ಎರಡು ಸಲ ನಾದಿನಿಗೆ ಫೋನ್ ಮಾಡಿ ಹೇಳೋಕೆ ಹೊರಟೆ. ಪೂರ್ತಿ ಕೇಳೋ ಮೊದಲೇ ಅವಳು, ನೀವು ದೊಡ್ಡವರು, ಸೊಸೆ ತಪ್ಪನ್ನ ನಿಮ್ಮ ಮೈಮೇಲೆ ಎಳ್ಕೊಳ್ತಿದ್ದೀರಿ ಅಂತ ಹೊಗಳಿಬಿಟ್ಲು. ನಾಚಿಕೆಯಿಂದ ಫೋನ್ ಇಟ್ಬಿಟ್ಟೆ."

ಹೊರಗೆ ಮೊದಲ ಮಗುವಿನ ಚಪ್ಪಲಿ ಸದ್ದು. ಆಯಾ ಕೈ ಒರೆಸಿಕೊಳ್ಳುತ್ತಾರೆ.

"ಅವರೆಲ್ಲ ಭಾನುವಾರದ ಪೇಪರ್ ಓದ್ತಾರೆ. ಕೊಟ್ಟಿದ್ದು ಅಜ್ಜಿ, ಅಮ್ಮ ಅಲ್ಲ ಅಂತ ಬರೀರಿ."

ಆಮೇಲೆ ಟಬ್ಬಿನ ಪಕ್ಕ ನೆಟ್ಟಗೆ ನಿಂತು ಛಾಯಾಗ್ರಾಹಕನ ಕಡೆ ತಿರುಗುತ್ತಾರೆ.

"ಈಗ ತಗೊಳ್ಳಿ. ಮುಖ ಸರಿಯಾಗಿ ಕಾಣ್ಲಿ."