ಬೆಳ್ತಂಗಡಿಯ ವರ್ಕ್‌ಶಾಪಿಗೆ ಬಾರದ ನಲವತ್ತೊಂದು ಕರೆಗಳು

2023ರ ಮೇ ತಿಂಗಳು. ಮೂಡುಬಿದಿರೆಯಲ್ಲಿ ನಾನು ಸ್ವಂತ ಕಚೇರಿ ತೆರೆದು ಹನ್ನೊಂದು ವರ್ಷವಾಗಿತ್ತು. ನನ್ನ ಕೆಲಸಕ್ಕೆ ಎಸ್‌ಇಒ ಎನ್ನುತ್ತಾರೆ. ಜನ ಮೊಬೈಲಿನಲ್ಲಿ ಏನನ್ನಾದರೂ ಹುಡುಕಿದಾಗ ನಮ್ಮ ಗಿರಾಕಿಯ ವೆಬ್‌ಸೈಟ್ ಮೇಲೆ ಕಾಣಿಸುವಂತೆ ಮಾಡುವುದು. ಇದರಲ್ಲಿ ಎರಡು ಬಗೆ. ಸರ್ಚ್ ಎಂಜಿನ್‌ಗೆ ಸೈಟಿನೊಳಗೆ ಬರಲು ಅಡ್ಡಿ ಇದೆಯೇ, ಪುಟ ಬೇಗ ತೆರೆಯುತ್ತದೆಯೇ ಎಂದು ನೋಡುವುದು ಟೆಕ್ನಿಕಲ್ ಕೆಲಸ. ಪುಟದ ತಲೆಬರಹ, ಬರಹ, ಚಿತ್ರಗಳನ್ನು ಸರಿಪಡಿಸುವುದು ಆನ್-ಪೇಜ್ ಕೆಲಸ. ದೊಡ್ಡ ಕಂಪನಿಗಳಲ್ಲಿ ಎಲ್ಲವನ್ನೂ ಮಾಡಲು ಜನ ಇರುತ್ತಾರೆ. ಸಣ್ಣ ಅಂಗಡಿಯವರಿಗೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಹೇಳುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ಅದರಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಇಲ್ಲ ಎಂಬ ಜಂಬ ನನಗಿತ್ತು. ಈ ಕಥೆಯಲ್ಲಿ ಯಾರೂ ಒಳ್ಳೆಯವರಾಗಿ ಕಾಣುವುದಿಲ್ಲ, ನಾನಂತೂ ಅಲ್ಲ.

ದಮ್ಮಾಮ್‌ನಿಂದ ರಫೀಕ್ ಎಂಬವರು ಫೋನ್ ಮಾಡಿದರು. ಮನೆ ಬಂಟ್ವಾಳದಲ್ಲಿ, ಕೆಲಸ ಸೌದಿಯಲ್ಲಿ. ಬೆಳ್ತಂಗಡಿ ಪೇಟೆಯಲ್ಲಿ ಅವರದೊಂದು ಕಟ್ಟಡ. ಅದರ ಕೆಳಗಿನ ಕೋಣೆಯಲ್ಲಿ ಅವರ ಅಣ್ಣ ಹಸನ್ ಇಪ್ಪತ್ತೆರಡು ವರ್ಷದಿಂದ ಸ್ಪ್ರೇ ಪಂಪು, ಹುಲ್ಲು ಹೆರೆಯುವ ಮೆಷಿನು, ಮರ ಕೊಯ್ಯುವ ಗರಗಸ ರಿಪೇರಿ ಮಾಡುತ್ತಿದ್ದರು. ಊರಿಗೆಲ್ಲ ಅವರು ಹಸನಾಕ, ಅಂದರೆ ಹಸನಣ್ಣ. ಪೇಟೆಯಲ್ಲಿ ಹೊಸದೊಂದು ಮೆಷಿನ್ ಶೋರೂಮ್ ಬಂದ ಮೇಲೆ ಅಣ್ಣನಿಗೆ ಕೆಲಸ ಕಡಿಮೆಯಾಗಿದೆ, ಬಿ.ಸಿ. ರೋಡಿನ ಸ್ನೇಹಿತನೊಬ್ಬನಿಂದ ವೆಬ್‌ಸೈಟ್ ಮಾಡಿಸಿದ್ದೇನೆ, ನೀವು ಅದನ್ನು ಮೇಲೆ ತರಬೇಕು ಎಂದರು. ಕೊನೆಗೆ ಸೇರಿಸಿದರು: "ಈ ಮದ್ದಿನ ಸೀಸನ್ ನೋಡ್ತೇನೆ ಮೇಡಂ. ಆಗದಿದ್ರೆ ಆ ಕೋಣೆ ಬೇರೆಯವರಿಗೆ ಕೊಡುವುದೇ. ಕೇಳುವವರು ಈಗಲೇ ಇದ್ದಾರೆ."

ಮದ್ದಿನ ಸೀಸನ್ ಎಂದರೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಮಳೆ ಹಿಡಿಯುವಾಗ ಒಂದು ಸಲ, ಸುಮಾರು ಒಂದೂವರೆ ತಿಂಗಳ ಮೇಲೆ ಇನ್ನೊಂದು ಸಲ. ನಡುವೆ ಸಿಗುವ ಎರಡು ದಿನದ ಬಿಸಿಲಿನಲ್ಲಿ ಪಂಪ್ ಕೆಟ್ಟರೆ ತೋಟದ ಯಜಮಾನನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಸಿಕ್ಕಿದ ಮೆಕ್ಯಾನಿಕ್‌ಗೆ ಕರೆ ಹೋಗುತ್ತದೆ. ಹಸನಾಕನ ಮತ್ತು ಅವರ ಕೈಕೆಳಗಿನ ಇಬ್ಬರು ಮೆಕ್ಯಾನಿಕ್‌ಗಳ ಅನ್ನ ಆ ಕರೆಗಳ ಮೇಲೆ ನಿಂತಿತ್ತು.

ಮೊದಲ ದಿನವೇ ಸೈಟ್ ತೆರೆದು ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದ್ದರು. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂಬ ಸೂಚನೆ ಅದು. ನಮ್ಮ ಭಾಷೆಯಲ್ಲಿ ನೋಇಂಡೆಕ್ಸ್. ಅಂಗಡಿ ಕಟ್ಟಿ ಶಟರ್ ಎಳೆದ ಹಾಗೆ. ಅದನ್ನು ತೆಗೆಯದೆ ಮಿಕ್ಕಿದ್ದನ್ನೆಲ್ಲ ಮಾಡುವುದು ದಂಡ. ರಫೀಕರಿಗೆ ಹೇಳಿದೆ.

"ಅದು ನಾನೇ ಹಾಕಿಸಿದ್ದು. ಓಪನಿಂಗ್ ಆಗ್ಲಿಲ್ಲ ಅಲ್ವಾ? ಆಗಸ್ಟಿಗೆ ರಜೆಯಲ್ಲಿ ಬರ್ತೇನೆ. ಮಸೀದಿ ಉಸ್ತಾದರ ದುಆ ಆಗಿ, ಸ್ಟೇಜಿನಲ್ಲಿ ಬಟನ್ ಒತ್ತಿದ ಮೇಲೆ ಜನರಿಗೆ ಕಾಣಲಿ."

ನಮ್ಮಲ್ಲಿ ಯಾವುದೂ ಉದ್ಘಾಟನೆಯಾಗದೆ ಶುರುವಾಗುವುದಿಲ್ಲ. ಬಸ್ ನಿಲ್ದಾಣದ ಬೆಂಚಿಗೂ ರಿಬ್ಬನ್ ಕತ್ತರಿಸುವ ಊರು. ವೆಬ್‌ಸೈಟಿಗೆ ಲ್ಯಾಪ್‌ಟಾಪ್ ಇಟ್ಟು ಅತಿಥಿಯಿಂದ ಕೀ ಒತ್ತಿಸುವುದನ್ನು ನಾನೇ ಹತ್ತಾರು ಸಲ ನೋಡಿದ್ದೇನೆ. ಆದರೆ ಆಗಸ್ಟಿಗೆ ಮದ್ದಿನ ಸೀಸನ್ನೇ ಮುಗಿದಿರುತ್ತದೆ. ಅದನ್ನೂ ಹೇಳಿದೆ. ಅವರು ಉತ್ತರವಾಗಿ ಯಾವುದೋ ಟೂಲ್ ಸೈಟನ್ನು ತಪಾಸಣೆ ಮಾಡಿ ಕೊಟ್ಟ ಪುಕ್ಕಟೆ ಆಡಿಟ್ ರಿಪೋರ್ಟ್ ಕಳಿಸಿದರು. ನೂರ ಹದಿಮೂರು ತಪ್ಪುಗಳು. ಓಪನಿಂಗ್ ದಿನಕ್ಕೆ ಅದು ಸೊನ್ನೆಯಾಗಬೇಕಂತೆ. ಅದರಲ್ಲಿ ತೊಂಬತ್ತು, ಯಾವ ಚಿತ್ರಕ್ಕೆ ವಿವರಣೆ ಇಲ್ಲ, ಯಾವ ಕೋಡಿನ ಸಾಲು ಉದ್ದವಾಯಿತು ಎಂಬಂಥ ಕಿರಿಕಿರಿಗಳು. ಪಂಪ್ ಕೆಟ್ಟವನಿಗೆ ಅವುಗಳಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನನಗೆ ಮೈ ಉರಿಯಿತು.

ನನ್ನ ಪಟ್ಟಿ ಬೇರೆಯೇ ಇತ್ತು. ಮೊದಲು ಆ ಟಿಕ್. ಆಮೇಲೆ ಪುಟ ತೆರೆಯುವ ವೇಗ, ಯಾಕೆಂದರೆ ಶಿಶಿಲ, ಕೊಕ್ಕಡದ ಕಡೆ ನೆಟ್‌ವರ್ಕ್ ಎರಡು ಕಡ್ಡಿ ಬಂದರೆ ದೊಡ್ಡದು. ಆಮೇಲೆ ಒಂದೊಂದು ರಿಪೇರಿಗೆ ಒಂದೊಂದು ಪುಟ, ಜನ ಕೇಳುವ ಮಾತಿನಲ್ಲೇ ತಲೆಬರಹ. ಉಳಿದದ್ದು ಮಳೆಗಾಲ ಕಳೆದ ಮೇಲೆ.

ಆ ಪುಟಗಳಿಗಾಗಿ ವೇಣೂರು ಮಾರ್ಗವಾಗಿ ಬಸ್ಸು ಹಿಡಿದು ಹಸನಾಕನ ವರ್ಕ್‌ಶಾಪಿಗೆ ಹೋದೆ. ಅವರು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ನನ್ನ ಮನೆ ಪುತ್ತಿಗೆ, ಮಾತು ತುಳು. ಅವರಿಗೂ ತುಳು ನೀರು ಕುಡಿದಷ್ಟು ಸಲೀಸು. ಆದರೂ ನನ್ನೊಡನೆ ಕನ್ನಡವನ್ನೇ ಮಾತಾಡಿದರು, ಬ್ಯಾಂಕಿನವರೊಡನೆ ಮಾತಾಡುವ ಹಾಗೆ.

"ಏನೆಲ್ಲ ರಿಪೇರಿ ಮಾಡ್ತೀರಿ ಅಂತ ಒಂದು ಪಟ್ಟಿ ಬೇಕಿತ್ತು," ಎಂದೆ.

"ನನ್ನ ತಮ್ಮನ ಹತ್ತಿರ ಕೇಳಿ ಮೇಡಂ. ಅವನಿಗೆ ಎಲ್ಲ ಗೊತ್ತುಂಟು."

"ನಿಮ್ಮ ಒಳ್ಳೆಯದಕ್ಕೇ ಮಾಡುವುದು."

"ನನ್ನ ಒಳ್ಳೆಯದಕ್ಕೆ ಅವನು ನಿಮ್ಮನ್ನು ಕಳಿಸಿದ್ದಲ್ಲ. ನನಗೆ ಕೆಲಸ ಇಲ್ಲ ಅಂತ ಬರೆದು ಕೊಡ್ಲಿಕ್ಕೆ ಕಳಿಸಿದ್ದು. ಅಲ್ಲಿ ಸ್ಟೂಲ್ ಉಂಟು, ಕೂತುಕೊಳ್ಳಿ. ಬರೆದುಕೊಳ್ಳಿ."

ಕೂತೆ. ಹಟಕ್ಕೆ ಬಿದ್ದು ಎರಡು ದಿನ ಕೂತೆ. ಬಂದವರೆಲ್ಲ ಏನು ಕೇಳುತ್ತಾರೆ, ಫೋನಿನಲ್ಲಿ ಹಸನಾಕ ಏನು ಹೇಳುತ್ತಾರೆ ಎಂದು ಒಂದೊಂದನ್ನೂ ಬರೆದುಕೊಂಡೆ. ಪಂಪಿನಲ್ಲಿ ಪ್ರೆಶರ್ ಬರುವುದಿಲ್ಲ, ಮೆಷಿನ್ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಹಗ್ಗ ಎಳೆದರೆ ತಿರುಗುವುದಿಲ್ಲ. ಅವರು ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ. ಮನುಷ್ಯ ಕೆಲಸದಲ್ಲಿ ಎಂಥ ನಿಪುಣ ಎಂಬುದು ಮಾತ್ರ ಕಣ್ಣಿಗೆ ಕಟ್ಟಿತು. ಶಬ್ದ ಕೇಳಿಯೇ ಯಾವ ವಾಲ್ವ್ ಎಂದು ಹೇಳುತ್ತಿದ್ದರು. ಸಿಟ್ಟಿನ ನಡುವೆಯೂ ನನಗೆ ಅವರ ಮೇಲೆ ಗೌರವ ಹುಟ್ಟಿತು, ಅದು ಇನ್ನೂ ಸಿಟ್ಟು ಬರಿಸಿತು.

ಮೇ ಕೊನೆಯ ವಾರ, ಯಾರಿಗೂ ಹೇಳದೆ ಆ ಟಿಕ್ ತೆಗೆದೆ. ರಫೀಕರಿಗೆ ಆಗಸ್ಟಿನಲ್ಲಿ ಬಟನ್ ಒತ್ತಲು ಬೇರೇನಾದರೂ ಕೊಟ್ಟರಾಯಿತು, ಅಷ್ಟರಲ್ಲಿ ಸೀಸನ್ನಿನ ಕೆಲಸ ಕೈಗೆ ಬಂದಿರುತ್ತದೆ, ಆಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡು ಒಪ್ಪುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಏಳು ಪುಟ ಬರೆದೆ. ಭಾರೀ ಗಾತ್ರದ ಚಿತ್ರಗಳನ್ನು ಕುಗ್ಗಿಸಿದೆ. ಮೂರು ವಾರದಲ್ಲಿ ಸೈಟ್ ಮೇಲೆ ಬಂತು. ಬೆಳ್ತಂಗಡಿ ತಾಲೂಕಿನಲ್ಲಿ ಸ್ಪ್ರೇ ಪಂಪ್ ರಿಪೇರಿ ಎಂದು ಹುಡುಕಿದರೆ ಶೋರೂಮಿಗಿಂತ ಮೇಲೆ ಹಸನಾಕ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಜೂನ್ ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಹೋದೆ. ಪುಟದ ಕೆಳಗೆ 'ಈಗಲೇ ಕರೆ ಮಾಡಿ' ಎಂಬ ಬಟನ್ ಇತ್ತು. ಅದನ್ನು ಎಷ್ಟು ಸಲ ಒತ್ತಿದ್ದಾರೆ ಎಂಬ ಲೆಕ್ಕ ನನಗೆ ಕಾಣುತ್ತಿತ್ತು. ನಲವತ್ತೊಂದು. ಅದನ್ನು ಹಸನಾಕನ ಮುಂದೆ ಹಿಡಿದೆ.

ಅವರು ಕೈ ಒರೆಸಿಕೊಂಡು ತಮ್ಮ ಫೋನ್ ತೆಗೆದು ನನ್ನ ಮುಂದೆ ಇಟ್ಟರು. "ಇದರಲ್ಲಿ ನೋಡಿ. ಹೊಸ ನಂಬರ್ ಒಂದು ತೋರಿಸಿ. ನಿಮ್ಮ ವೆಬ್‌ಸೈಟ್ ಬಂದ ಮೇಲೆ ಒಂದೇ ಒಂದು ಹೊಸ ಪಂಪ್ ಈ ಮೆಟ್ಟಿಲು ಹತ್ತಿದ್ದರೆ ಹೇಳಿ."

"ಹಾಗಾದ್ರೆ ನಲವತ್ತೊಂದು ಜನ ಸುಮ್ಮನೆ ಒತ್ತಿದ್ರಾ?"

"ನನಗೆ ಗೊತ್ತಿಲ್ಲ. ಸುಳ್ಳು ಯಾರು ಹೇಳುವುದು ಅಂತ ಮಾತ್ರ ಗೊತ್ತುಂಟು."

ಇಬ್ಬರು ಮೆಕ್ಯಾನಿಕ್‌ಗಳ ಎದುರು ಹಾಗೆ ಹೇಳಿದರು. ಕೆನ್ನೆಗೆ ಹೊಡೆದ ಹಾಗಾಯಿತು. ಬಸ್ಸಿನಲ್ಲಿ ಮೂಡುಬಿದಿರೆ ಮುಟ್ಟುವ ತನಕ ನನ್ನೊಳಗೆ ಒಂದೇ ಯೋಚನೆ. ಈ ಮನುಷ್ಯ ತಮ್ಮನ ಮೇಲಿನ ಹಗೆಗೆ ಬಂದ ಕರೆಗಳನ್ನೇ ತೆಗೆಯುತ್ತಿಲ್ಲ, ತೆಗೆಯದೆ ಅಳಿಸಿಹಾಕುತ್ತಿದ್ದಾನೆ. ಮರುದಿನ ಶುಕ್ರವಾರ ಬೆಳಿಗ್ಗೆ ರಫೀಕರಿಗೆ ಈಮೇಲ್ ಬರೆದೆ. ಟಿಕ್ ತೆಗೆದದ್ದನ್ನು ಹೇಳಬೇಕಾಯಿತು, ಹೇಳಿದೆ. ಸೈಟ್ ಮೇಲೆ ಬಂದ ಅಂಕಿಗಳನ್ನು ಹಾಕಿದೆ. ಕೊನೆಯ ಸಾಲು ಹೀಗಿತ್ತು: ಗಿರಾಕಿಗಳು ಕರೆ ಮಾಡುತ್ತಿದ್ದಾರೆ, ಅಂಗಡಿಯಲ್ಲಿ ಫೋನ್ ಎತ್ತುವವರಿಲ್ಲ. ರಫೀಕರಿಂದ ಉತ್ತರ ಬರಲಿಲ್ಲ.

ಮಂಗಳವಾರ, ವರ್ಕ್‌ಶಾಪಿನಲ್ಲಿ ಬಿಟ್ಟುಬಂದಿದ್ದ ಲ್ಯಾಪ್‌ಟಾಪ್ ಚಾರ್ಜರ್ ತರಲು ಮತ್ತೆ ಹೋಗಬೇಕಾಯಿತು. ನಾನು ಮೆಟ್ಟಿಲ ಮೇಲಿದ್ದಾಗಲೇ ಕೊಕ್ಕಡದ ಗೌಡರೊಬ್ಬರು ಜೀಪಿನಿಂದ ಪಂಪ್ ಇಳಿಸಿದರು. ತುಳುವಿನಲ್ಲಿ ಬೈಯುತ್ತಲೇ ಒಳಗೆ ಬಂದರು, ಕನ್ನಡಕ್ಕೆ ತಂದರೆ ಅದರ ಅರ್ಧ ಖಾರ ಹೋಗುತ್ತದೆ.

"ಎಂತ ಮಾರಾಯ್ರೆ ನೀವು ಅಂಗಡಿ ಇಟ್ಟದ್ದು? ಮೊಬೈಲಲ್ಲಿ ಹುಡುಕಿ, ನಿಮ್ಮ ಆ ಬಟನ್ ಒತ್ತಿ ನಿನ್ನೆಯಿಂದ ಆರು ಸಲ ಮಾಡಿದೆ. ಪ್ರತಿ ಸಲ ಒಂದು ಹೆಂಗಸು, ನಿಮ್ಮ ಫೋನಿಗೆ ಈ ಸೌಲಭ್ಯ ಇಲ್ಲ ಅಂತ ಹೇಳ್ತಾಳೆ. ಎರಡು ದಿನದ ಬಿಸಿಲು ಹೋಯ್ತು ನನ್ನದು."

ಹಸನಾಕ ಅವರ ಫೋನ್ ತೆಗೆದುಕೊಂಡು ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. ಆರು ಸಲ ಒತ್ತಿದ ನಂಬರ್ ಸೊನ್ನೆ ಸೊನ್ನೆ ಒಂಬತ್ತು ಆರು ಆರರಿಂದ ಶುರುವಾಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಅದು ಸೌದಿ ಎಂದು ಮಕ್ಕಳಿಗೂ ಗೊತ್ತು. ಅದು ರಫೀಕರ ನಂಬರ್.

ಸೈಟ್ ಮಾಡಿಸುವಾಗ, ಓಪನಿಂಗ್ ಆಗುವ ತನಕ ಇರಲಿ ಎಂದು ರಫೀಕರು ಬಟನ್ನಿನ ಹಿಂದೆ ತಮ್ಮ ನಂಬರ್ ಹಾಕಿಸಿದ್ದರು. ಆಮೇಲೆ ಅವರಿಗೇ ಮರೆತಿತ್ತು. ಇಲ್ಲಿನ ಸಾಧಾರಣ ರೀಚಾರ್ಜಿನಲ್ಲಿ ವಿದೇಶಕ್ಕೆ ಕರೆ ಹೋಗುವುದಿಲ್ಲ. ಹಾಗಾಗಿ ದಮ್ಮಾಮ್‌ನಲ್ಲಿ ಫೋನ್ ರಿಂಗ್ ಆಗಲೂ ಇಲ್ಲ. ನಾನು ಆ ಬಟನ್ನನ್ನು ಲ್ಯಾಪ್‌ಟಾಪಿನಲ್ಲಿ ನೂರು ಸಲ ನೋಡಿದ್ದೇನೆ, ಅದರ ಬಣ್ಣ ಬದಲಾಯಿಸಿದ್ದೇನೆ, ಒತ್ತಿದವರನ್ನು ಎಣಿಸಿದ್ದೇನೆ. ಒಂದು ಮೊಬೈಲ್ ಹಿಡಿದು ಒಮ್ಮೆಯೂ ಒತ್ತಿ ನೋಡಲಿಲ್ಲ. ಟಿಕ್ ತೆಗೆಯುತ್ತೇನೆ ಎಂದು ರಫೀಕರೊಡನೆ ಜಗಳವಾಡಿಯೇ ತೆಗೆದಿದ್ದರೆ, ಸರಿ ಹಾಗಾದರೆ ನಂಬರ್ ಬದಲಿಸಿ ಎಂದು ಆ ಬಿಸಿಯಲ್ಲೇ ಅವರಿಗೆ ನೆನಪಾಗುತ್ತಿತ್ತು. ಕದ್ದು ತೆಗೆದೆ.

ಅಲ್ಲೇ ನಿಂತು ನಂಬರ್ ಬದಲಾಯಿಸಿದೆ. ನಾಲ್ಕು ನಿಮಿಷದ ಕೆಲಸ. ಗೌಡರು ಒತ್ತಿ ನೋಡಿದರು, ಹಸನಾಕನ ಕೈಯಲ್ಲಿದ್ದ ಫೋನ್ ರಿಂಗ್ ಆಯಿತು. ಆಮೇಲೆ ಈಮೇಲಿನ ವಿಷಯವನ್ನು ಅವರಿಗೆ ಹೇಳಿದೆ. ಕೊನೆಯ ಸಾಲನ್ನೂ ಬಿಡದೆ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಒಳ್ಳೆಯದಿತ್ತು.

"ಯಾವಾಗ ಬರೆದದ್ದು?"

"ಶುಕ್ರವಾರ."

"ಅವನು ಕೋಣೆ ಮೊಬೈಲ್ ಅಂಗಡಿಯವರಿಗೆ ಕೊಡ್ತೇನೆ ಅಂತ ಮಾತು ಕೊಟ್ಟದ್ದು ಶನಿವಾರ," ಎಂದರು. ಮತ್ತೆ ಗೌಡರ ಪಂಪಿನ ಕಡೆ ತಿರುಗಿದರು.

ಅಂದೇ ರಫೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಪ್ಪು ನಿಮ್ಮ ಅಣ್ಣನದ್ದಲ್ಲ, ನನ್ನದು, ನಿಮ್ಮದು ಎಂದೆ. ನಿಮ್ಮದು ಎಂಬ ಮಾತು ಅವರಿಗೆ ಹಿಡಿಸಲಿಲ್ಲ. "ಕೊಟ್ಟ ಮಾತು ಹಿಂದೆ ತೆಗೆದರೆ ನನ್ನ ಮರ್ಯಾದೆ ಎಂತ ಆಗ್ತದೆ ಮೇಡಂ? ಫೋನ್ ಎತ್ತುವವರಿಲ್ಲ ಅಂತ ಬರೆದದ್ದು ನೀವೇ ಅಲ್ವಾ?" ಎಂದು ಫೋನ್ ಇಟ್ಟರು. ಜುಲೈ ಪೂರ್ತಿ ಹಸನಾಕನಿಗೆ ಕರೆಗಳು ಬಂದವು, ಪಂಪುಗಳು ಮೆಟ್ಟಿಲ ಮೇಲೆ ಸಾಲು ನಿಂತವು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿಕೊಟ್ಟರು. ಆಗಸ್ಟಿನಲ್ಲಿ ವೆಬ್‌ಸೈಟಿನ ಯಾವ ಓಪನಿಂಗೂ ನಡೆಯಲಿಲ್ಲ.

ಈ ಕಸುಬು ನನಗೆ ಕಲಿಸಿದ ಪಾಠ ಇಷ್ಟೇ. ಯಾರಿಗೂ ಹೇಳದೆ ಮಾಡಿದ ಕೆಲಸವನ್ನು ಯಾರೂ ಪರೀಕ್ಷಿಸುವುದಿಲ್ಲ, ಅದು ಸರಿಯಾದ ಕೆಲಸವಾಗಿದ್ದರೂ. ಮತ್ತು ಅಂಕಿಗಳು ಬಟನ್ ಒತ್ತಿದ್ದನ್ನು ಹೇಳುತ್ತವೆ, ಆ ಕಡೆ ಯಾರು ಎತ್ತಿದರು ಎಂದು ಹೇಳುವುದಿಲ್ಲ. ಈಗ ಯಾವ ಸೈಟ್ ಬಂದರೂ ಟೆಕ್ನಿಕಲ್, ಆನ್-ಪೇಜ್ ಎಂದು ಬಾಯಿ ತೆರೆಯುವ ಮೊದಲು ರಸ್ತೆಗಿಳಿದು, ಬೇರೆಯವರ ಮೊಬೈಲಿನಿಂದ ಕರೆ ಮಾಡುತ್ತೇನೆ.

ಅಕ್ಟೋಬರಿನಲ್ಲಿ ಹಸನಾಕನನ್ನು ಹುಡುಕಿಕೊಂಡು ಹೋದೆ. ಕೊಕ್ಕಡದ ಕಡೆಗೆ, ರಸ್ತೆ ಬದಿಯಲ್ಲಿ ಶೀಟ್ ಹಾಕಿದ ಸಣ್ಣ ಜಾಗ. ಒಬ್ಬರೇ ಇದ್ದರು, ಮೆಕ್ಯಾನಿಕ್‌ಗಳಿಬ್ಬರೂ ಶೋರೂಮ್ ಸೇರಿದ್ದರಂತೆ. ಹೊಸ ಜಾಗದ ವೆಬ್‌ಸೈಟನ್ನು ನಾನೇ ಪುಕ್ಕಟೆ ಮಾಡಿಕೊಡುತ್ತೇನೆ ಎಂದೆ.

"ಬೇಡ ಮೇಡಂ," ಎಂದರು. "ನನಗೆ ಕೆಲಸ ಉಂಟು. ಕೇಳಿದವರಿಗೆ ಅಷ್ಟು ಹೇಳಿದ್ರೆ ಸಾಕು."